ಗಿರಿಯವ್ವನ ಸಾರಿನ ವ್ಯಾಜ್ಯ

ದೊರೆ ಮುದ್ದುವೀರಪ್ಪ ನಾಯಕರ ಎರಡು ಬೆರಳು ಮಾತಿನ ನಡುವೆ ತಾವಾಗಿಯೇ ಸೊಂಟದ ಚೀಲಕ್ಕೆ ಇಳಿಯುತ್ತಿದ್ದವು. ಒಂದಿಷ್ಟು ಹುರಿಗಡಲೆ, ಚೂರು ಬೆಲ್ಲ ಬಾಯಿಗೆ ಬೀಳುತ್ತಿತ್ತು. ಕೇಳಿದರೆ, "ಬೆಳಗಿನಿಂದ ಏನೂ ತಿಂದಿಲ್ಲಪ್ಪ" ಎನ್ನುತ್ತಿದ್ದರು. ಸುಳ್ಳಲ್ಲ, ಬೆರಳು ಮಾಡುವ ಕೆಲಸ ಅವರಿಗೆ ಗೊತ್ತೇ ಇರಲಿಲ್ಲ.

ಅಂದು ಮಧ್ಯಾಹ್ನ ತಟ್ಟೆ ತಳ್ಳಿ ಗುಡುಗಿದರು. "ಗಿರಿಯವ್ವ, ನಿನ್ನ ಸಾರಿಗೆ ರುಚಿಯೇ ಇಲ್ಲ! ನಾಳೆ ನನ್ನ ಬಾಯಲ್ಲಿ ನೀರೂರಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟು."

ತಲೆ ನರೆಯುವವರೆಗೂ ಅರಮನೆಯ ಒಲೆ ಊದಿದ್ದ ಗಿರಿಯವ್ವ ಕಣ್ಣೊರೆಸಿಕೊಂಡಳು. "ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ ಬುದ್ಧಿ?"

ಆಸ್ಥಾನದಲ್ಲಿ ಓಲೆ ಓದಿ ಹೇಳುವ ತುಂಗಮ್ಮ ಅಲ್ಲೇ ನಿಂತಿದ್ದಳು. ಮಾತು ಕಡಿಮೆ, ಕಣ್ಣು ಚುರುಕು.

"ದೊರೆ, ರುಚಿ ಎಂದರೇನು ಅಂತ ತೀರ್ಮಾನವಾಗದೆ ಅವ್ವನನ್ನು ಹೊರಗೆ ಹಾಕಿದರೆ ಊರು ಆಡಿಕೊಳ್ಳುತ್ತದೆ. ಇದನ್ನು ನ್ಯಾಯದ ಕಟ್ಟೆಗೆ ತನ್ನಿ. ಭಟ್ಟರು ಅರ್ಥ ಹೇಳಲಿ, ನೀವು ತೀರ್ಪು ಕೊಡಿ."

ದೊರೆಗೆ ತೀರ್ಪು ಕೊಡುವುದೆಂದರೆ ಪ್ರಾಣ. "ಆಗಲಿ!"

ಮರುದಿನ ಬೆಳಿಗ್ಗೆಯೇ ಕತ್ತಿ, ಚೀಲ ಎರಡನ್ನೂ ಬಿಚ್ಚಿಟ್ಟು ಕಟ್ಟೆ ಹತ್ತಿದರು. ಅಲ್ಲಿನ ಪದ್ಧತಿ ಅದು: ನ್ಯಾಯ ಹೇಳುವವರ ಮೈಮೇಲೆ ಆಯುಧವೂ ಇರಬಾರದು, ಲಂಚ ಬಚ್ಚಿಡುವ ಜಾಗವೂ ಇರಬಾರದು. ತೀರ್ಪು ಮುಗಿಯುವವರೆಗೆ ಇಳಿಯುವಂತೆಯೂ ಇಲ್ಲ.

ಆಸ್ಥಾನದ ಪಂಡಿತ ವೇಂಕಣಭಟ್ಟರು ಗಂಟಲು ಸರಿಮಾಡಿಕೊಂಡರು. "ರುಚಿ ಸಂಸ್ಕೃತದ ಮಾತು. ಮೂಲದಲ್ಲಿ ಹೊಳೆಯುವುದು ಎಂದರ್ಥ. ಹೊಳೆದದ್ದು ಮನಸ್ಸಿಗೆ ಹಿಡಿಸಿತು, ಹಿಡಿಸಿದ್ದು ನಾಲಿಗೆಗೆ ಇಳಿಯಿತು..."

"ಹಸಿವು ಅನ್ನುವುದು?" ತುಂಗಮ್ಮ ಮೆಲ್ಲಗೆ ಮಾತು ಮುಂದಕ್ಕೆಳೆದಳು.

"ಅದು ನಮ್ಮದೇ ಕನ್ನಡ. ಹಿಂದಿನವರು ಪಸಿವು ಎನ್ನುತ್ತಿದ್ದರು. ಇನ್ನು ಬುಭುಕ್ಷೆ ಎಂದರೆ ತಿನ್ನುವ ಇಚ್ಛೆ. ಈಗ ಇಚ್ಛೆ ಎಂದರೇನು..."

ಭಟ್ಟರು ಒಂದು ಮಾತಿನ ಬೇರು ಹಿಡಿದರೆ ಕಾಡನ್ನೆಲ್ಲ ಅಗೆಯುವವರು. ಬಿಸಿಲು ನೆತ್ತಿಗೆ ಬಂತು. ದೊರೆಯ ಬೆರಳು ಸೊಂಟ ತಡಕಿದವು. ಚೀಲವಿಲ್ಲ. ಮತ್ತೆ ತಡಕಿದವು.

"ಭಟ್ಟರೇ, ಬೇಗ ಮುಗಿಸಿ!"

"ಸ್ವಾದದ ವಿಚಾರ ಇನ್ನೂ ಮುಟ್ಟೇ ಇಲ್ಲ, ದೊರೆ."

ತುಂಗಮ್ಮ ಗಿರಿಯವ್ವನಿಗೆ ಕಣ್ಸನ್ನೆ ಮಾಡಿದಳು. ಕಟ್ಟೆಯ ಎದುರೇ ಒಲೆ ಹೂಡಿದ್ದ ಗಿರಿಯವ್ವ ಹುರುಳಿ ಸಾರಿನ ಮುಚ್ಚಳ ತೆಗೆದು, ಬೆಳ್ಳುಳ್ಳಿ ಒಗ್ಗರಣೆ ಚೊಂಯ್ ಎನಿಸಿದಳು. ಪಕ್ಕದಲ್ಲಿ ರಾಗಿಮುದ್ದೆ ಹಬೆಯಾಡುತ್ತಿತ್ತು.

ದೊರೆಯ ಗಂಟಲು ಮೇಲೆದ್ದು ಕೆಳಗಿಳಿಯಿತು.

"ಈಗ ಏನು ನುಂಗಿದಿರಿ, ದೊರೆ?" ತುಂಗಮ್ಮ ಕೇಳಿದಳು.

"ಏನೂ ಇಲ್ಲ!"

"ನ್ಯಾಯದ ಕಟ್ಟೆಯ ಮೇಲೆ ಕೂತಿದ್ದೀರಿ."

"...ನೀರು."

"ಕುಡಿಯಲು ಯಾರೂ ಕೊಡಲಿಲ್ಲವಲ್ಲ?"

"ಊರಿತು ಕಣಮ್ಮ, ಊರಿತು! ಗಿರಿಯವ್ವನ ಪರವಾಗಿ ತೀರ್ಪು! ಭಟ್ಟರೇ, ಸಾಕು ನಿಲ್ಲಿಸಿ. ಮುದ್ದೆ ತನ್ನಿ ಮೊದಲು!"

ಒಂದು ಮುದ್ದೆ ಕರಗಿದ ಮೇಲೆ ದೊರೆ ಕೇಳಿದರು, "ಅವ್ವ, ಇವತ್ತು ಸಾರಿಗೆ ಅಂಥದ್ದೇನು ಹಾಕಿದೆ?"

"ಏನಿಲ್ಲ ಬುದ್ಧಿ. ನಿನ್ನೆ ನೀವು ತಳ್ಳಿದ್ದೇ ಸಾರು. ಬಿಸಿ ಮಾಡಿ ಒಗ್ಗರಣೆ ಕೊಟ್ಟೆ ಅಷ್ಟೇ."

ಸಭೆ ಗೊಳ್ಳೆಂದಿತು. ದೊರೆಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ತುಂಗಮ್ಮ, ಇದು ನಿನ್ನದೇ ಆಟ! ಏನು ಬೇಕು ಕೇಳು. ಬಳೆಯೋ, ಸೀರೆಯೋ?"

ತುಂಗಮ್ಮ ಕಟ್ಟೆಯ ಕೆಳಗಿದ್ದ ಹುರಿಗಡಲೆ ಚೀಲವನ್ನು ಎತ್ತಿ ಹಿಡಿದಳು.

"ಇದನ್ನು ನನಗೆ ಕೊಟ್ಟುಬಿಡಿ, ದೊರೆ."

ದೊರೆ ತಲೆ ಎತ್ತದೆ ಎರಡನೆಯ ಮುದ್ದೆ ಮುರಿಯತೊಡಗಿದರು.