ನೆಲದ ತೋರಣ

ಹೊಳೆ ಊರನ್ನು ಸುತ್ತುಗಟ್ಟಿದ ಒಂಬತ್ತನೆಯ ದಿನ ವಿಮಾನ ಬಂತು.

ಎಷ್ಟು ವರ್ಷದ ಹಿಂದೆ ಎಂದು ಕೇಳಬೇಡಿ. ಬಹಳ ಹಿಂದೆ. ಊರು ಗರಸನಾಳ. ಸುತ್ತ ಕೆಂಪು ನೀರು, ನಡುವೆ ಊರು, ಊರಿನ ಮೂಡಲಿಗೆ ಒಂದು ಉದ್ದನೆಯ ಗರಸಿನ ದಿಬ್ಬ, ಗಟ್ಟಿ ಜಲ್ಲಿಮಣ್ಣಿನದು. ಊರೊಳಗೆ ವಾಂತಿಭೇದಿ ಹೊಕ್ಕಿತ್ತು. ಔಷಧ ತರುತ್ತೇವೆಂದು ಹರಿಗೋಲು ಹಾಕಿದ ಇಬ್ಬರು ತಿರುಗಿ ಬಂದಿರಲಿಲ್ಲ.

ಹೂಗಾರ ಸಾತವ್ವ ಅಷ್ಟರಲ್ಲಿ ಇಬ್ಬರು ಗಂಡುಮಕ್ಕಳನ್ನು ಮಣ್ಣು ಮಾಡಿದ್ದಳು. ಉಳಿದವಳು ನಿಂಬವ್ವ, ಏಳು ವರ್ಷದವಳು. ಅವಳೂ ಮಲಗಿದ್ದಳು. ಸಾತವ್ವ ಬಾಗಿಲಲ್ಲಿ ಕೂತು ಮಗಳ ಉಸಿರು ಕೇಳುತ್ತಿದ್ದಳು. ಆಗ ಮೇಲೆ ಸದ್ದಾಯಿತು.

ವಿಮಾನ ಚಿಕ್ಕದು. ಬಟ್ಟೆ ಹೊದಿಸಿದ ರೆಕ್ಕೆ, ಮೂಗಿನ ಮೇಲೆ ಒಂದು ಪಂಖ, ಒಳಗೆ ಇಬ್ಬರಿಗೆ ಜಾಗ. ಅದು ಎಷ್ಟು ಕೆಳಗೆ ಬಂತೆಂದರೆ ಮಾಳಿಗೆಯ ಮೇಲೆ ಒಣಗಲು ಹಾಕಿದ ಸೀರೆ ಎದ್ದು ಹಾರಿತಂತೆ. ಎಷ್ಟು ನಿಧಾನ ಬಂತೆಂದರೆ ಎದುರು ಗಾಳಿಗೆ ಒಂದು ಗಳಿಗೆ ಆಕಾಶದಲ್ಲೇ ನಿಂತಿತಂತೆ. ಹಾಗೆ ಹೇಳುತ್ತಾರೆ. ದಿಬ್ಬದ ಮೇಲೆ ಇಳಿಯಿತು. ಒಬ್ಬ ಕಂಪೌಂಡರ್ ಔಷಧದ ಪೆಟ್ಟಿಗೆ ಹಿಡಿದು ಇಳಿದ. ಅವನ ಹಿಂದೆ ವಿಮಾನ ನಡೆಸುವವನು ಇಳಿದ. ದಕ್ಷಿಣದ ಬೆಟ್ಟದ ಸೀಮೆಯವನು. ಹೆಸರು ಬೆಳ್ಯಪ್ಪ. ಮಾತು ಕಡಿಮೆ.

ಅವನು ಮೊದಲು ಹೇಳಿದ್ದು ಒಂದೇ ಮಾತು.

"ನೆಲ ಖಾಲಿ ಇರಲಿ. ಕಲ್ಲು, ಕಡ್ಡಿ, ಆಡು, ಏನೂ ಬೇಡ."

ಊರು ಅದನ್ನು ದೇವರ ಅಪ್ಪಣೆಯಂತೆ ನಡೆಸಿತು. ದಿನಾ ಬೆಳಗ್ಗೆ ಹೆಂಗಸರು ದಿಬ್ಬ ಗುಡಿಸಿದರು. ಕಂಪೌಂಡರ್ ಊರಲ್ಲೇ ಉಳಿದ. ಬೆಳ್ಯಪ್ಪ ದಿನ ಬಿಟ್ಟು ದಿನ ಬಂದ, ಪೆಟ್ಟಿಗೆ ಇಳಿಸಿದ, ಹೋದ. ನಾಲ್ಕನೆಯ ದಿನ ನಿಂಬವ್ವ ಕಣ್ಣು ಬಿಟ್ಟು ಗಂಜಿ ಕೇಳಿದಳು.

ಗಾಡಿ ಯಮನಪ್ಪ ಎಂಬವನಿದ್ದ. ನಗದೆ ಇರಲು ಬಾರದವನು. ವಿಮಾನ ಇಳಿಯುವಾಗ ಒಮ್ಮೆ ದಿಬ್ಬದ ಪಕ್ಕದ ದಾರಿಯಲ್ಲಿ ಗಾಡಿ ಓಡಿಸಿದ. ಎತ್ತುಗಳೇ ಮುಂದಾದವಂತೆ.

"ಸಾಹೇಬ್ರ, ನಮ್ಮ ಎತ್ತು ಗೆದ್ದುವು. ನಿಮ್ಮದಕ್ಕೂ ಒಂದೀಟು ಹುಲ್ಲು ಹಾಕ್ಲೇನ್ರಿ?"

"ಹಾಕು. ತಿಂದರೆ ನನಗೂ ಉಳಿತಾಯ."

ಯಮನಪ್ಪ ಒಳಗೆ ಇಣುಕಿ ನೋಡಿದ. ಗಾಜಿನ ಹಿಂದೆ ಗಡಿಯಾರದಂಥ ಬಿಲ್ಲೆಗಳಿದ್ದವು, ಪ್ರತಿಯೊಂದರಲ್ಲೂ ಮುಳ್ಳು. ಇದು ಎತ್ತರದ್ದು, ಇದು ವೇಗದ್ದು, ಇದು ಎಣ್ಣೆಯದು ಎಂದು ಬೆಳ್ಯಪ್ಪ ಬೆರಳಿಟ್ಟು ತೋರಿಸಿದ. ಎತ್ತರದ ಮುಳ್ಳು ಎಂಬತ್ತು ಅಡಿಯಲ್ಲಿತ್ತು.

"ನೆಲದ ಮ್ಯಾಲೆ ನಿಂತು ಎಂಬತ್ತು ಅಡಿ ಹಾರಾಕತ್ತೀರಲ್ರೀ!"

ತಾನು ಹೊರಡುವ ಊರಿನಲ್ಲಿ ಮುಳ್ಳನ್ನು ಸೊನ್ನೆಗೆ ಇಡುತ್ತೇನೆ, ನಿಮ್ಮ ದಿಬ್ಬ ಅದಕ್ಕಿಂತ ಎಂಬತ್ತು ಅಡಿ ಮೇಲಿದೆ, ಅಷ್ಟು ಕಳೆದು ಓದಬೇಕು ಎಂದು ಬೆಳ್ಯಪ್ಪ ಹೇಳಿದ. ಮಳೆಯ ಮೋಡ ಕವಿದರೆ ಅದು ಇಲ್ಲದ ಎತ್ತರವನ್ನೂ ತೋರಿಸುತ್ತದೆ, ಆಗ ಇನ್ನಷ್ಟು ಕಳೆಯಬೇಕು ಎಂದ. ಅವನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೊಂದೇ ಸಲ ಎನ್ನುತ್ತಾರೆ.

ಒಂದು ದಿನ ಮಳೆ ಹಿಡಿದು ವಿಮಾನ ದಿಬ್ಬದ ಮೇಲೇ ಎರಡು ದಿನ ನಿಂತಿತು. ರೆಕ್ಕೆಯ ಮುಂದೆ ಬೆರಳು ಗಾತ್ರದ ಒಂದು ಕೊಳವೆ. ಅದರೊಳಗೆ ನುಗ್ಗುವ ಗಾಳಿಯೇ ವೇಗದ ಮುಳ್ಳನ್ನು ಎಬ್ಬಿಸುವುದು. ಆ ಕೊಳವೆಯಲ್ಲಿ ಕುಂಬಾರ ಹುಳ ಮಣ್ಣು ತಂದು ಗೂಡು ಕಟ್ಟಿತು. ಮಳೆ ನಿಂತ ಮೇಲೆ ಬೆಳ್ಯಪ್ಪ ದಿಬ್ಬದ ಉದ್ದಕ್ಕೂ ಓಡಿಸಿ ನೋಡಿದ. ವೇಗದ ಮುಳ್ಳು ಏಳಲಿಲ್ಲ. ಇಳಿದ. ಕಡ್ಡಿ ಹಾಕಿ ಕೆದಕಿದ. ಮಣ್ಣು ಒಳಗೆ ಗಟ್ಟಿಯಾಗಿತ್ತು. ವೇಗ ಕಮ್ಮಿಯಾದರೆ ಏನಾಗುತ್ತದೆ ಎಂದು ಸಾತವ್ವ ಕೇಳಿದಳು. ಬೀಳುತ್ತದೆ ಎಂದ. ಅದು ಕಣ್ಣಿಗೆ ಕಾಣುವ ಹಾಗೆ ಏನಾದರೂ ಇಲ್ಲವೇ ಎಂದಳು. ಅವನು ಅವಳ ಮಡಿಲಿನ ಕಡೆ ನೋಡಿದ. ಹೂ ಕಟ್ಟುವ ನೂಲಿನ ಉಂಡೆ ಇತ್ತು.

ಒಂದು ಗೇಣು ನೂಲು ಕೇಳಿದ. ಸಾತವ್ವ ತಾನೇ ರೆಕ್ಕೆಯನ್ನು ಅಡಿಯಿಂದ ಆನಿಸಿ ಹಿಡಿದ ಊರುಗೋಲಿಗೆ ಅದನ್ನು ಕಟ್ಟಿದಳು. ಎಳೆ ನೆಟ್ಟಗೆ ಹಿಂದಕ್ಕೆ ಹಾರುತ್ತಿದ್ದರೆ ಹೆದರಿಕೆಯಿಲ್ಲ ಎಂದು ಬೆಳ್ಯಪ್ಪ ಹೇಳಿಕೊಟ್ಟ. ನಡುಗಿ ಮುಂದಕ್ಕೆ ತಿರುಗಿತೆಂದರೆ ರೆಕ್ಕೆಯನ್ನು ಗಾಳಿ ಬಿಟ್ಟಿತು. ಇನ್ನೊಂದನ್ನೂ ಹೇಳಿದ. ಯಾವಾಗಲೂ ಗಾಳಿಗೆ ಎದುರಾಗಿ ಇಳಿಯುತ್ತೇನೆ, ಬೆನ್ನಿಗೆ ಗಾಳಿ ಇದ್ದರೆ ನಿಮ್ಮ ದಿಬ್ಬ ಸಾಲದು.

ಅವತ್ತು ಅವನು ಆ ಎಳೆಯನ್ನೇ ನೋಡಿಕೊಂಡು ಹೊಳೆ ದಾಟಿದ. ಆಮೇಲೆ ಕೊಳವೆ ಸರಿಯಾಯಿತು. ಎಳೆಯನ್ನು ಮಾತ್ರ ಬಿಚ್ಚಲಿಲ್ಲ.

ನೀರು ಇಳಿಯತೊಡಗಿತು. ಊರಲ್ಲಿ ಮಲಗಿದವರು ನಾಲ್ವರು ಉಳಿದರು. ಸೋಮವಾರ ಬಂದರೆ ಕೊನೆ ಎಂದು ಬೆಳ್ಯಪ್ಪ ಹೇಳಿ ಹೋದ. ಇಷ್ಟು ಮಾಡಿದವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಎಂದು ಹಿರಿಯರು ಕೂಡಿದರು. ತೋರಣ ಕಟ್ಟಿ ಅದರಡಿಯಲ್ಲಿ ಊರಿಗೆ ಕರೆಯಬೇಕು ಎಂದಾಯಿತು.

"ತೋರಣ ನಂದು," ಎಂದಳು ಸಾತವ್ವ. "ಮತ್ಯಾರೂ ಮುಟ್ಟಬ್ಯಾಡ್ರಿ."

ಪುಂಡಿ ನಾರು ತಂದಳು. ಗಾಳಿಗೆ ಹರಿಯಬಾರದೆಂದು ಮೂರೆಳೆ ಹೊಸೆದು ಹಗ್ಗ ಮಾಡಿದಳು. ಮಾವಿನೆಲೆ ಪೋಣಿಸಿದಳು, ಹಿತ್ತಲಲ್ಲಿ ಉಳಿದ ಚೆಂಡು ಹೂವನ್ನೆಲ್ಲ ಪೋಣಿಸಿದಳು. ಪಡುವಣ ಗಾಳಿಯ ಕಾಲ. ವಿಮಾನ ಮೂಡಲಿಂದ ಬಂದು ಇಳಿದು, ಉರುಳುತ್ತ ಬಂದು, ಊರ ಕಡೆಯ ತುದಿಯಲ್ಲಿ ನಿಲ್ಲುತ್ತಿತ್ತು. ಆ ತುದಿಗೇ ಎರಡು ಗಳ ನೆಟ್ಟು, ವಿಮಾನ ಅಡಿಯಲ್ಲಿ ಉರುಳಿ ಬರುವಂತೆ ತೋರಣ ಕಟ್ಟಿದರು. ರೆಕ್ಕೆ ತಾಗದಂತೆ ಹತ್ತು ಮಾರು ಅಂತರ, ಬೆನ್ನು ತಾಗದಂತೆ ಎರಡಾಳು ಎತ್ತರ. ನೆಲದ ಮೇಲೆ ಒಂದು ಕಡ್ಡಿಯೂ ಇರಲಿಲ್ಲ.

ಸೋಮವಾರ ಬೆಳಗ್ಗೆ ಮೋಡ ಕವಿದಿತ್ತು. ಸಾತವ್ವ ಒಲೆ ಹಚ್ಚಿದಳು. ದಿನಾ ದಿಬ್ಬದ ಕಡೆ ಹೋಗುತ್ತಿದ್ದ ಹೊಗೆ ಅವತ್ತು ದಿಬ್ಬಕ್ಕೆ ಬೆನ್ನು ಹಾಕಿ ಹೋಯಿತು. ಅವಳು ಹೊರಗೆ ಬಂದು ನಿಂತಳು. ಗಾಳಿ ಮೂಡಲಿಂದ ಬೀಸುತ್ತಿತ್ತು.

ಅವಳಿಗೆ ತಿಳಿಯಿತು. ಇವತ್ತು ಅವನು ಊರ ಮೇಲಿಂದ ಬರುತ್ತಾನೆ. ತೋರಣ ಇರುವ ತುದಿಯಿಂದ, ಕೆಳಗೆ, ನಿಧಾನವಾಗಿ.

ಸದ್ದು ಆಗಲೇ ಕೇಳುತ್ತಿತ್ತು. ಕುಡುಗೋಲು ತೆಗೆದುಕೊಂಡು ಓಡಿದಳು. ದಿಬ್ಬದ ಅಂಚಿನಲ್ಲಿ ಜನ ಹಲಗೆ ಬಾರಿಸುತ್ತಿದ್ದರು. ಅವಳ ಕೂಗು ಯಾರಿಗೂ ಕೇಳಲಿಲ್ಲ. ಗಳದ ಬುಡಕ್ಕೆ ಸುತ್ತಿದ್ದ ಹಗ್ಗಕ್ಕೆ ಕುಡುಗೋಲು ಹಾಕಿದಳು. ಒಂದೆಳೆ ಹೋಯಿತು. ಎರಡನೆಯದು ಹೋಯಿತು. ವಿಮಾನ ಮನೆಗಳ ಮಾಳಿಗೆ ಸವರಿಕೊಂಡು ಬರುತ್ತಿತ್ತು. ಮೂರನೆಯ ಎಳೆಯೂ ಹೋಯಿತು. ತೋರಣ ನೆಲಕ್ಕೆ ಬಿತ್ತು.

ಮೇಲೆ ದಾರಿ ತೆರವಾಗಿತ್ತು. ಆದರೆ ನೆಲ ಖಾಲಿ ಇರಲಿಲ್ಲ. ಹಗ್ಗ ಅಡ್ಡ ಬಿದ್ದಿತ್ತು, ಎಲೆ ಹೂವಿನ ಸಮೇತ. ಸಾತವ್ವ ಅದನ್ನು ಎಳೆದು ಹಾಕಲು ನಡುವಿಗೆ ಓಡಿದಳು.

ಬೆಳ್ಯಪ್ಪ ಎದುರಿಗೆ ಹೆಂಗಸನ್ನು ಕಂಡ. ಮೂಗನ್ನು ಮೇಲಕ್ಕೆ ಎಳೆದ. ಯಂತ್ರ ಕೂಗಿತು. ಸಾತವ್ವ ತಲೆ ಎತ್ತಿದಳು. ವಿಮಾನ ಅವಳ ತಲೆಯ ಮೇಲೇ ಹಾದುಹೋಯಿತು, ಬಹಳ ನಿಧಾನ. ತಾನು ಕಟ್ಟಿದ ಎಳೆ ಅವಳಿಗೆ ಕಂಡಿತು. ಅದು ನಡುಗಿತು. ಮುಂದಕ್ಕೆ ತಿರುಗಿತು.

ಎಡಗಡೆಯ ರೆಕ್ಕೆ ಮೊದಲು ನೆಲಕ್ಕೆ ತಾಗಿತು.

ಹಲಗೆ ನಿಂತಿತು. ಜನ ಓಡಿ ಹೋಗಿ ಬೆಳ್ಯಪ್ಪನನ್ನು ಹೊರಗೆ ತೆಗೆದರು. ಜೀವ ಹೋಗಿತ್ತು. ಪೆಟ್ಟಿಗೆಗೆ ಹುಲ್ಲು ತುಂಬಿದ್ದರಿಂದ ಬಾಟಲಿಗಳು ಒಡೆದಿರಲಿಲ್ಲ. ಕಂಪೌಂಡರ್ ಅವನ್ನು ಮಲಗಿದ್ದ ನಾಲ್ವರಿಗೂ ಕೊಟ್ಟ. ನಾಲ್ವರೂ ಉಳಿದರು.

ಯಮನಪ್ಪ ಒಳಗೆ ಇಣುಕಿದ. ವೇಗದ ಮುಳ್ಳು ಸೊನ್ನೆಯಲ್ಲಿತ್ತು. ಎತ್ತರದ ಮುಳ್ಳು ನೂರಾ ಇಪ್ಪತ್ತು ತೋರಿಸುತ್ತಿತ್ತು. ಅವನು ನಗಲಿಲ್ಲ. ಆ ಮುಳ್ಳಿನ ಸುದ್ದಿ ಹಬ್ಬಿ, ಸಾಹೇಬ ನೆಲಕ್ಕೆ ಬಿದ್ದೇ ಇಲ್ಲ, ಇನ್ನೂ ಮೇಲೆ ಇದ್ದಾನೆ ಎನ್ನುವವರು ಹುಟ್ಟಿಕೊಂಡರು. ಮೋಡ ಕವಿದ ದಿನ ಸದ್ದು ಕೇಳುತ್ತದೆ ಎನ್ನುತ್ತಾರೆ. ಇರಬಹುದು.

ಎಲೆ ಕಟ್ಟಿದ ಹಗ್ಗವನ್ನು ಬಿದ್ದಲ್ಲೇ ಬಿಟ್ಟಿದ್ದರೆ ಗಾಲಿ ಅದರ ಮೇಲೆ ಹಾದುಹೋಗುತ್ತಿತ್ತು, ಏನೂ ಆಗುತ್ತಿರಲಿಲ್ಲ ಎಂದು ಕಂಪೌಂಡರ್ ಹೇಳಿದ. ಸಾತವ್ವನ ಮುಂದೆ ಹೇಳಬಾರದಿತ್ತು.

ಅವಳು ಆಮೇಲೆ ಇಪ್ಪತ್ತು ವರ್ಷ ಬದುಕಿದಳು. ಹೂ ಕಟ್ಟಿದಳು, ತೋರಣವನ್ನೂ ಪೋಣಿಸಿದಳು. ನಿಂಬವ್ವನ ಮದುವೆಯಲ್ಲಿ ಅದನ್ನು ಚಪ್ಪರಕ್ಕೆ ಏರಿಸಲು ಬಿಡಲಿಲ್ಲ. ಬಾಗಿಲ ಮುಂದೆ ನೆಲದ ಮೇಲೆ ಹಾಸಿದಳು. ಬೀಗರು ಮುಖ ಮುಖ ನೋಡಿಕೊಂಡರು. ಆಮೇಲೆ ದಾಟಿ ಬಂದರು.

ಗರಸನಾಳದಲ್ಲಿ ಇವತ್ತಿಗೂ ತೋರಣವನ್ನು ಮೇಲೆ ಕಟ್ಟುವುದಿಲ್ಲ. ನೆಲಕ್ಕೆ ಹಾಸುತ್ತಾರೆ. ಬಂದವರು ದಾಟುವ ತನಕ ಯಾರೂ ಅದನ್ನು ಎತ್ತುವುದಿಲ್ಲ.