ಸೊನ್ನೆ ತಪ್ಪಾಗಿ ಕಲಿತ ಮಾಪಕ

ಕಥೆ ಹೇಳಿ ನನಗೆ ಅಭ್ಯಾಸವಿಲ್ಲ, ಎಡವಟ್ಟಾದರೆ ಕ್ಷಮಿಸಿ. ಒಂದು ಗಾಜಿನ ತೊಟ್ಟಿಯಲ್ಲಿ ನೀರುಗಿಡಗಳೂ ಮೂರು ಗಪ್ಪಿ ಮೀನುಗಳೂ ಇದ್ದವು. ಗಿಡಗಳಿಗೆಂದು ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬರುತ್ತಿತ್ತು. ಅದು ಹೆಚ್ಚಾದರೆ ಮೀನು ಉಸಿರುಗಟ್ಟಿ ಸಾಯುತ್ತದೆ; ಅದಕ್ಕೆಂದೇ ಅನಿಲವನ್ನು ಅಳೆದು ಬಿಡಲು ನಡುವೆ ಒಂದು ಮಾಪಕವನ್ನು ಕೂರಿಸಿದ್ದರು. ನಿಮಿಷಕ್ಕೆ ಹತ್ತು ಅಳತೆಯ ಮೇಲೆ ಒಂದು ಚೂರೂ ಬಿಡುವುದಿಲ್ಲವೆಂದು ಮಾಪಕಕ್ಕೆ ಬಲು ಹೆಮ್ಮೆ.

ಮಧ್ಯಾಹ್ನ ಒಂದು ಗಪ್ಪಿ ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಟ್ಟಿತು. "ಮಾಪಕರಾಯರೇ, ಅನಿಲ ವಿಪರೀತವಾಗಿದೆ!"

"ಹತ್ತೇ ಇದೆಯಮ್ಮ. ನನ್ನ ಮುಖದ ಮೇಲೇ ಬರೆದಿದೆ, ಓದಲು ಬರುವುದಿಲ್ಲವೇ?"

"ಓದುವುದಕ್ಕೆ ಉಸಿರೆಲ್ಲಿದೆ!"

ಸಿಲಿಂಡರಿನ ನಲ್ಲಿಗೆ ತಡೆಯಲಾಗಲಿಲ್ಲ. "ವಾದ ಸಾಕು. ನಾನು ಪೂರ್ತಿ ಮುಚ್ಚಿಕೊಳ್ಳುತ್ತೇನೆ. ಆಗ ನೀನು ಏನು ತೋರಿಸುತ್ತೀಯೋ ನೋಡೋಣ," ಎಂದು ಬಿಗಿಯಾಗಿ ಮುಚ್ಚಿಕೊಂಡಿತು.

ಅನಿಲ ನಿಂತಿತು. ಮಾಪಕ ತನ್ನ ಅಂಕಿ ನೋಡಿಕೊಂಡು ಬೆಚ್ಚಿಬಿದ್ದಿತು. ಸೊನ್ನೆ ಇರಬೇಕಾದಲ್ಲಿ ಮೈನಸ್ ಇಪ್ಪತ್ತು!

"ಏನೂ ಇಲ್ಲದ್ದಕ್ಕಿಂತ ಕಡಿಮೆ ಹೇಗಾಗುತ್ತದೆ?"

"ಬೆಳಿಗ್ಗೆ ನಿನಗೆ ಸೊನ್ನೆ ಕಲಿಸುವಾಗ ನನ್ನನ್ನು ಮುಚ್ಚಲು ಮರೆತಿದ್ದರು," ಎಂದಿತು ನಲ್ಲಿ. "ಹರಿಯುತ್ತಿದ್ದ ಇಪ್ಪತ್ತನ್ನೇ ನೀನು ಸೊನ್ನೆ ಅಂದುಕೊಂಡೆ. ನಿನ್ನ ಹತ್ತು ಅಂದರೆ ಮೂವತ್ತು."

ಮಾಪಕ ತೊಟ್ಟಿಯೊಳಗೆ ಇಣುಕಿತು. "ಗಪ್ಪಿಯಮ್ಮ, ಉಳಿದ ಇಬ್ಬರೆಲ್ಲಿ?"

"ಅವರು ನಿಮ್ಮ ಹತ್ತನ್ನು ನಂಬಿ ಕೆಳಗೇ ಉಳಿದರು."

ಇದರ ನೀತಿ ಏನೆಂದರೆ, ಸೊನ್ನೆಯೇ ತಪ್ಪಿದವನಿಗೆ ತನ್ನ ಅಳತೆಯೆಲ್ಲ ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ಅವನು ತನ್ನ ತಪ್ಪನ್ನು ಅಳೆಯುವುದೂ ಅದೇ... ಇರಿ, ಒಳಗಿನಿಂದ ಕರೆಯುತ್ತಿದ್ದಾರೆ. ಬಂದೆ, ಬಂದೆ! ಅಂದರೆ ನಾನು ಹೇಳಹೊರಟಿದ್ದು...