ಮೂಲೆಯಿಲ್ಲದ ಗುಮ್ಮಟ

"ಒಂದೇ ಒಂದು ಮೂಲೆ ಕಂಡರೂ ನಿನಗೆ ಗಡೀಪಾರು!" ಎಂದು ಹೊನ್ನಮಟ್ಟಿಯ ರಾಜ ತಿಪ್ಪರಸ ಗುಡುಗಿದ. ಗುಡುಗಿಸಿಕೊಂಡವನು ಆಸ್ಥಾನದ ಮಾತುಗಾರ ಕೊಟ್ರಯ್ಯ.

ಆದದ್ದು ಇಷ್ಟೇ. ಊರಿಗೆ ಬಂದ ಜೋಯಿಸನೊಬ್ಬ ರಾಜನ ಅಂಗೈ ನೋಡಿ, "ಪ್ರಭುಗಳಿಗೆ ಮೂಲೆಗುಂಪಾಗುವ ಯೋಗವಿದೆ" ಎಂದುಬಿಟ್ಟಿದ್ದ. ಬೇರೆ ರಾಜನಾಗಿದ್ದರೆ ಶತ್ರುಗಳಿಗೆ ಹೆದರುತ್ತಿದ್ದ. ನಮ್ಮ ತಿಪ್ಪರಸ ಹೆದರಿದ್ದು ಮೂಲೆಗಳಿಗೆ! ಮಂಚವನ್ನು ಕೋಣೆಯ ನಟ್ಟನಡುವೆ ಹಾಕಿಸಿಕೊಂಡ, ಮೂಲೆಗೊಬ್ಬ ಭಟನನ್ನು ನಿಲ್ಲಿಸಿದ, ಚೌಕಾಕಾರದ ಬರ್ಫಿ ತಿನ್ನುವುದನ್ನೂ ಬಿಟ್ಟ.

"ಮೂಲೆಯೇ ಇಲ್ಲದ ಸಭಾಮಂಟಪ ಬೇಕು. ಗುಮ್ಮಟ ಕಟ್ಟಿ. ನಡುವೆ ಕಂಬ ಇರಕೂಡದು, ಕಂಬಕ್ಕೂ ಮೂಲೆ ಇರುತ್ತೆ. ಎತ್ತರವೂ ಇರಕೂಡದು. ಎತ್ತರದ ಗುಮ್ಮಟದಡಿ ನಿಂತರೆ ನಾನು ಕಡಲೆಕಾಳಿನ ಹಾಗೆ ಕಾಣ್ತೀನಿ" ಎಂದು ಕಲ್ಲುಕುಟಿಗರಿಗೆ ಅಪ್ಪಣೆ ಕೊಟ್ಟ.

ರಾಜ ಕುಳ್ಳ. ಕಡಲೆಕಾಳಿನ ಹಾಗೆ ಕಾಣೋದಕ್ಕೆ ಗುಮ್ಮಟವೇನೂ ಬೇಕಿರಲಿಲ್ಲ, ಆದರೆ ಹೇಳುವವರು ಯಾರು?

ಅಷ್ಟು ತಗ್ಗಿನ ಗುಮ್ಮಟವನ್ನು ಕಲ್ಲಲ್ಲಿ ಕಟ್ಟಿದರೆ ಭಾರಕ್ಕೆ ಗೋಡೆಗಳೇ ಹೊರಕ್ಕೆ ಬೀಳುತ್ತವೆ ಎಂದು ಕಲ್ಲುಕುಟಿಗರು ಕೈಮುಗಿದರು. ಆಗ ಪ್ರಧಾನಿ ಗುರುಸಂಗಪ್ಪ ಮೀಸೆಯಡಿ ನಗುತ್ತ, "ನಮ್ಮ ಕೊಟ್ರಯ್ಯನಿಗೆ ಗೊತ್ತಿಲ್ಲದ್ದು ಏನಿದೆ? ಅವನಿಗೇ ವಹಿಸಿ ಪ್ರಭು" ಎಂದ. ಕೊಟ್ರಯ್ಯನ ಮಾತಿಗೆ ಸಭೆ ನಕ್ಕಾಗಲೆಲ್ಲ ಈ ಮಹಾರಾಯನಿಗೆ ಹೊಟ್ಟೆ ಉರಿಯುತ್ತಿತ್ತು. ಗಡೀಪಾರಿನ ಷರತ್ತೂ ಅವನದೇ ಸಲಹೆ.

ಕೊಟ್ರಯ್ಯ ಜೋಲುಮೋರೆ ಹಾಕಿಕೊಂಡು ಮನೆಗೆ ಬಂದ. ಹೆಂಡತಿ ಹಂಪವ್ವ ತುಂಬು ಬಸುರಿ. ಇವಳನ್ನು ಕಟ್ಟಿಕೊಂಡು ಗಡಿ ದಾಟಿ ಹೋಗುವುದಾದರೂ ಎಲ್ಲಿಗೆ? ಅವನಿಗೆ ಅಳುವೇ ಬಂತು.

ಹಂಪವ್ವ ತಟ್ಟೆಯಲ್ಲಿ ಹೋಳಿಗೆ ಇಟ್ಟುಕೊಂಡು, ಅದನ್ನು ಆರು ಭಾಗ ಮಾಡಿ ತಿನ್ನೋಣವೆಂದು ಗೆರೆ ಎಳೆದಿದ್ದಳು. ಕೊಟ್ರಯ್ಯ ಯೋಚನೆಯಲ್ಲೇ ಒಂದು ಭಾಗ ಕಿತ್ತು ಬಾಯಿಗೆ ಹಾಕಿಕೊಂಡ.

"ಬಸುರಿ ತಟ್ಟೆಗೆ ಕೈ ಹಾಕ್ತೀರಲ್ರೀ, ನಾಚಿಕೆ ಆಗಲ್ವಾ?" ಎಂದು ಹಂಪವ್ವ ಉಳಿದ ಹೋಳಿಗೆಯ ಎರಡು ಅಂಚು ಎಳೆದು ಸಂದು ಮುಚ್ಚಿದಳು. ಹೋಳಿಗೆ ನಡುವೆ ಮೆಲ್ಲಗೆ ಉಬ್ಬಿತು.

ಕೊಟ್ರಯ್ಯ ಜಿಗಿದೆದ್ದ. "ಆರು ಸೇರಿದರೆ ಚಾಪೆ, ಐದು ಸೇರಿದರೆ ಟೋಪಿ! ಸಿಕ್ತು ಕಣೇ!"

"ಏನು ಸಿಕ್ತೋ ಏನೋ, ನನ್ನ ಹೋಳಿಗೆಯಂತೂ ಹೋಯ್ತು" ಎಂದಳು ಹಂಪವ್ವ.

ಮರುದಿನವೇ ಅವನು ಬಿದಿರಿನ ಕೋಲು ಕಡಿಸಿದ. ಎರಡೇ ಅಳತೆ, ಒಂದು ಗಿಡ್ಡ, ಒಂದು ಅದಕ್ಕಿಂತ ತುಸು ಉದ್ದ. ಮೂರು ಮೂರು ಕೋಲಿಗೆ ಒಂದು ಮುಕ್ಕೋನ. ಒಂದು ಕಡೆ ಐದು ಮುಕ್ಕೋನ ಸೇರಿಸಿ ಉಬ್ಬಿಸಿದ, ಇನ್ನೊಂದು ಕಡೆ ಆರು ಸೇರಿಸಿ ಉಬ್ಬು ತಗ್ಗಿಸಿದ. ದುಂಡನೆಯ ಗಿಡ್ಡ ಗೋಡೆಯ ಮೇಲೆ ಹಗುರಾದ ಗುಮ್ಮಟ ಎದ್ದು ನಿಂತಿತು.

ನೋಡಲು ಬಂದ ರಾಜ ಕೇಳಿದ, "ಇಷ್ಟು ತಗ್ಗು ಹೇಗಯ್ಯಾ ಬಂತು?"

"ಪ್ರಭು, ನಿಂಬೆಹಣ್ಣಿನ ನೆತ್ತಿಯಿಂದ ಒಂದು ಬಿಲ್ಲೆ ಕೊಯ್ದರೆ ಉಬ್ಬಿರುತ್ತೆ. ಅಷ್ಟೇ ಅಗಲದ ಬಿಲ್ಲೆ ಕುಂಬಳಕಾಯಿಯಿಂದ ಕೊಯ್ದರೆ ಚಪ್ಪಟೆ. ಈ ಗುಮ್ಮಟ ಗುಡ್ಡದಂಥ ಕುಂಬಳಕಾಯಿಯ ನೆತ್ತಿ."

"ಹಾಗಾದರೆ ಮಿಕ್ಕ ಕುಂಬಳಕಾಯಿ?"

"ನೆಲದಡಿ ಇದೆ ಅಂತ ಲೆಕ್ಕ, ಪ್ರಭು."

ತಿಪ್ಪರಸ ಗಂಭೀರನಾದ. "ಕಳ್ಳರು ಅಗೆದಾರು. ಅದಕ್ಕೂ ಕಾವಲು ಹಾಕ್ರೋ!"

ಪಾಪ, ಭಟರು ಅಂದಿನಿಂದ ಈಟಿ ಹಿಡಿದು ಬರೀ ನೆಲ ಕಾಯತೊಡಗಿದರು.

ಮೊದಲ ಸಭೆಯ ದಿನ ಬಂತು. ರಾಜ ಕೂತನೋ ಇಲ್ಲವೋ, ಗುರುಸಂಗಪ್ಪ ಎದ್ದು ಬೆತ್ತ ಮೇಲೆತ್ತಿದ. "ಮೋಸ ಪ್ರಭು, ಮೋಸ! ಒಂದೊಂದು ಮುಕ್ಕೋನಕ್ಕೂ ಮೂರು ಮೂಲೆ! ಈ ದ್ರೋಹಿ ನಿಮ್ಮ ನೆತ್ತಿಯ ಮೇಲೇ ಮೂಲೆಗಳ ಸಂತೆ ಕಟ್ಟಿದ್ದಾನೆ!"

ರಾಜ ತಲೆಯೆತ್ತಿ ನೋಡಿದ. ಎಲ್ಲಿ ನೋಡಿದರೂ ಮೂಲೆ! ಅವನ ಮುಖ ಬಿಳಿಚಿಕೊಂಡಿತು. ಕೊಟ್ರಯ್ಯನ ಕಣ್ಣಮುಂದೆ ಹಂಪವ್ವನ ಮುಖ ಬಂತು. ಆದರೂ ನಾಲಿಗೆ ಕೈಕೊಡಲಿಲ್ಲ.

"ಪ್ರಧಾನಿಗಳೇ, ಮೂಲೆ ಅಂದರೇನು?"

"ಒಬ್ಬನನ್ನು ತಳ್ಳಿ ಕೂರಿಸೋ ಜಾಗ! ಅಷ್ಟೂ ಗೊತ್ತಿಲ್ವೇ?"

"ಹಾಗಾದರೆ ನನ್ನನ್ನು ತಳ್ಳಿ, ನೋಡೋಣ."

ಗುರುಸಂಗಪ್ಪ ಪಂಚೆ ಎತ್ತಿ ಕಟ್ಟಿ ತಳ್ಳಿದ. ಕೊಟ್ರಯ್ಯ ಗೋಡೆಗುಂಟ ಸರಿದ. ಮತ್ತೆ ತಳ್ಳಿದ, ಮತ್ತೆ ಸರಿದ. ಮಂಟಪ ಒಂದು ಸುತ್ತು ಬಂದು ಇಬ್ಬರೂ ಹೊರಟಲ್ಲಿಗೇ ಬಂದು ನಿಂತರು. ಪ್ರಧಾನಿ ಏದುಸಿರು ಬಿಡುತ್ತಿದ್ದ, ಸಭೆ ಬಾಯಿಗೆ ಬಟ್ಟೆ ತುರುಕಿಕೊಂಡಿತ್ತು.

ರಾಜನ ಕಣ್ಣು ಮಾತ್ರ ಮೇಲೇ ಇತ್ತು. "ಅಲ್ಲಿರೋವು, ಕೊಟ್ರಯ್ಯ?"

"ಸರಿಯಾಗಿ ನೋಡಿ ಪ್ರಭು. ಒಂಟಿ ಮೂಲೆ ಒಂದಾದರೂ ಇದೆಯೇ? ಐದೈದು, ಆರಾರು ಹಿಡಿದು ಗುಂಪು ಮಾಡಿ ಬಿಗಿದಿದ್ದೀನಿ. ನಿಮ್ಮನ್ನು ಮೂಲೆಗುಂಪು ಮಾಡಬೇಕಾದ ಮೂಲೆಗಳೇ ಗುಂಪಾಗಿ ನೇತಾಡ್ತಿವೆ. ಜೋಯಿಸರು ಹೇಳಿದ ಮೂಲೆಗುಂಪು ಅಲ್ಲಿಗೆ ಆಗಿಹೋಯ್ತು!"

ತಿಪ್ಪರಸ ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಸಿಂಹಾಸನದ ಮೇಲೇ ಕುಣಿದಾಡುತ್ತ ನಕ್ಕ. ಹಂಪವ್ವನ ಬಾಣಂತನದ ಖರ್ಚೆಲ್ಲ ಅರಮನೆಯದು ಎಂದು ಸಾರಿಸಿದ. ಗುರುಸಂಗಪ್ಪನ ಕಡೆ ತಿರುಗಿದಾಗ ಮಾತ್ರ ಅವನ ಹುಬ್ಬು ಗಂಟಿಕ್ಕಿತು.

"ಸುಮ್ಮನೆ ಜೀವ ಹೆದರಿಸಿದನಲ್ಲ! ಹಿಡಿದು ಒಂದು ಮೂಲೇಲಿ ಕೂರಿಸ್ರೋ ಇವನನ್ನ!"

ಭಟರು ಪ್ರಧಾನಿಯ ರಟ್ಟೆ ಹಿಡಿದು ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. "ಮೂಲೆ ಸಿಕ್ತಿಲ್ಲ ಪ್ರಭು" ಎಂದು ತಲೆ ಕೆರೆದುಕೊಂಡರು.

"ಈಗೇನು ಮಾಡೋಣ, ಕೊಟ್ರಯ್ಯ?"

ಕೊಟ್ರಯ್ಯ ಕೈಮುಗಿದ. "ಹುಡುಕಿಸ್ತಾ ಇರಿ ಪ್ರಭು. ಮೂಲೆ ಸಿಕ್ಕ ದಿನ ಅವರನ್ನು ಅದರಲ್ಲಿ ಕೂರಿಸಿ, ನನ್ನನ್ನು ಗಡೀಪಾರು ಮಾಡಿಬಿಡಿ."